ಹೊಳೆಯದ ನವಸಾಗರ

ನಾನು ಕೆಲಸ ಮಾಡಿ ನಿವೃತ್ತಳಾದ ಪ್ರಯೋಗಾಲಯಕ್ಕೆ ಈಚೆಗೆ ಸೇರಿದ ಹುಡುಗಿಯೊಬ್ಬಳು ಆಗಾಗ ನಮ್ಮ ರಾಮಕೃಷ್ಣನಗರದ ಮನೆಗೆ ಬರುತ್ತಾಳೆ. ಬಂದಾಗಲೆಲ್ಲ ಅವಳ ಯಂತ್ರಗಳ ಗುಣಗಾನ ಕೇಳಬೇಕು ನಾನು. ಪುಡಿಯನ್ನು ಒಳಗಿಟ್ಟು ಗುಂಡಿ ಒತ್ತಿದರೆ ಸಾಕಂತೆ, ಯಾವುದು ಎಷ್ಟಿದೆ ಎಂದು ಕಾಗದದ ಮೇಲೆ ಅಚ್ಚಾಗಿ ಬರುತ್ತದಂತೆ. "ನಿಮ್ಮ ಕಾಲದಲ್ಲಿ ಏನ್ ಮಾಡ್ತಿದ್ರಿ ಮೇಡಂ?" ಎಂದು ಕೇಳಿದಳು. "ನೋಡ್ತಿದ್ವಿ ಕಣಮ್ಮ" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ನೋಡುವುದೇ ಆಗಿತ್ತು. ಅದನ್ನು ಕಲಿಯುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಬಡ್ತಿ ಕೊಡಿಸಿದರು, ಯಾರು ಅಡ್ಡಗಾಲು ಹಾಕಿದರು ಎನ್ನುವ ಪುರಾಣ ನನಗೂ ಬೇಡ, ನಿಮಗೂ ಬೇಡ. ಅಡ್ಡಗಾಲು ಹಾಕಿದವರು ಈಗ ಬೆಳಗಿನ ಹೊತ್ತು ಕೋಲೂರಿಕೊಂಡು ಪಾರ್ಕಿಗೆ ಬರುತ್ತಾರೆ, ಕುಶಲ ಕೇಳಿ ಮುಂದೆ ಹೋಗುತ್ತೇನೆ.

ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ. ಆಸ್ಪತ್ರೆಗಳಿಗೆ ಸರಬರಾಜಾಗುವ ಉಪ್ಪು, ಪುಡಿ, ಔಷಧದ ಸಾಮಾನು ಶುದ್ಧವಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯ ಅದು. ಹೆಂಚಿನ ಕಟ್ಟಡ, ಎತ್ತರದ ಕಿಟಕಿಗಳು, ಮುಂದೆ ಒಂದು ಮೊಗಸಾಲೆ. ಹೆಂಗಸು ಅಂತ ಇದ್ದದ್ದು ನಾನೊಬ್ಬಳೇ. ನಮ್ಮಪ್ಪ ನಂಜನಗೂಡಿನ ಕಡೆಯ ಬೇಸಾಯಗಾರ. ಮಗಳು ಬಿ.ಎಸ್ಸಿ. ಮಾಡಿದಳೆಂದು ಊರೆಲ್ಲ ಹೇಳಿಕೊಂಡು ಬಂದವರು, ಕೆಲಸಕ್ಕೆ ಹೋಗುತ್ತಾಳೆ ಎನ್ನುವುದನ್ನು ಮಾತ್ರ ಯಾರಾದರೂ ಕೇಳಿದರೆ ಹೇಳುತ್ತಿದ್ದರು. ಒಬ್ಬಳೇ ಪೇಟೆಯಲ್ಲಿ ಇರಬಾರದೆಂದು ತಮ್ಮ ಅಕ್ಕ ಕೆಂಪಮ್ಮನನ್ನು ನನ್ನ ಜೊತೆಗೆ ಕಳಿಸಿಕೊಟ್ಟರು. ನನಗೆ ಅವರು ಕೆಂಪತ್ತೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವರು, ಓದುಬರಹ ಬಾರದವರು, ಬಾಯಿ ಮಾತ್ರ ಬಲು ಜೋರು. ಚಾಮುಂಡಿಪುರಂನಲ್ಲಿ ಎರಡು ಕೋಣೆಯ ಮನೆ ಹಿಡಿದು ನಾವಿಬ್ಬರೂ ಇದ್ದೆವು. ಕಾವಲಿಗೆಂದು ಬಂದವರು ಬರುಬರುತ್ತ ನನ್ನ ಗೆಳತಿಯೇ ಆಗಿಬಿಟ್ಟರು.

ನಮ್ಮ ಮುಖ್ಯಸ್ಥರು ಅನಂತರಾಮಯ್ಯನವರು. ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ಹಣೆಯಲ್ಲಿ ಸಣ್ಣ ಗಂಧದ ಬೊಟ್ಟು, ಮೂಗಿನ ತುದಿಯಲ್ಲಿ ಸಿಟ್ಟು. ಆ ಸಿಟ್ಟು ಹಾಲು ಉಕ್ಕಿದ ಹಾಗೆ, ಬರುವಾಗ ಗಾಬರಿ, ಮರುಕ್ಷಣ ತಳ ಸೇರಿರುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಒಂದು ಬಿಳಿ ಉಪ್ಪನ್ನು ನೋಡಿದ್ದೇ ತಡ ಹೆಸರು ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹುಡುಗನ್ನ ನೋಡೋಕೆ ಮುಂಚೆ ಲಗ್ನಪತ್ರಿಕೆ ಅಚ್ಚು ಹಾಕಿಸಿಬಿಟ್ಟೆಯಲ್ಲಮ್ಮ ಜಯಮ್ಮ! ಮೊದಲು ನೋಡು. ಹೆಸರು ಎಲ್ಲಿಗೂ ಓಡಿ ಹೋಗೋದಿಲ್ಲ" ಎಂದರು. ಅದು ಬೇರೆ ಉಪ್ಪೇ ಆಗಿತ್ತು ಅನ್ನಿ.

ಅವರ ಪ್ರಾಣವೆಲ್ಲ ಒಂದು ಜರ್ಮನ್ ಮೈಕ್ರೋಸ್ಕೋಪಿನ ಮೇಲೆ. ಹರಳುಗಳನ್ನು ವಿಶೇಷವಾದ ಬೆಳಕಿನಲ್ಲಿ ತೋರಿಸುವ ಯಂತ್ರ ಅದು. ಆ ಬೆಳಕಿನ ಗುಟ್ಟನ್ನು ಅವರು ನನಗೆ ಹೇಳಿಕೊಟ್ಟದ್ದು ಮೊಗಸಾಲೆಯ ಕಿಟಕಿಯ ಹತ್ತಿರ, ಒಂದು ಅಡಿಕೋಲು ಹಿಡಿದುಕೊಂಡು. ಅಡಿಕೋಲನ್ನು ಸರಳುಗಳಿಗೆ ಉದ್ದುದ್ದವಾಗಿ ಹಿಡಿದರೆ ಆಚೆಗೆ ತೂರುತ್ತದೆ, ಅಡ್ಡ ಹಿಡಿದರೆ ಸರಳಿಗೆ ತಗುಲಿ ನಿಲ್ಲುತ್ತದೆ. ಬೆಳಕೂ ಹಾಗೆಯೇ. ಕೆಳಗೊಂದು ಸೋಸುವ ಗಾಜು ಬೆಳಕನ್ನು ಒಂದೇ ದಿಕ್ಕಿಗೆ ಅಲುಗುವಂತೆ ಮಾಡುತ್ತದೆ, ಮೇಲಿನದನ್ನು ಅಡ್ಡ ತಿರುಗಿಸಿದರೆ ಆ ಬೆಳಕು ನಿಂತು ಎಲ್ಲ ಕತ್ತಲೆಯಾಗುತ್ತದೆ. ಈಗ ಎರಡರ ನಡುವೆ ಹರಳುಗಳನ್ನು ಇಡಿ. ಕೆಲವು ಜಾತಿಯ ಹರಳು ಬೆಳಕನ್ನು ಒಳಗೇ ತಿರುಚಿ ಆ ಕತ್ತಲೆಯಲ್ಲಿ ಬಣ್ಣ ಬಣ್ಣವಾಗಿ ಹೊಳೆಯುತ್ತವೆ. ಅಡಿಗೆ ಉಪ್ಪು, ಪಟಿಕ, ನವಸಾಗರ ಇಂಥವಕ್ಕೆ ಎಲ್ಲ ದಿಕ್ಕೂ ಒಂದೇ, ಅವು ಹೊಳೆಯುವುದಿಲ್ಲ. ಹೊಳೆಯಬೇಕಾದ್ದು ಹೊಳೆಯಿತೇ, ಕತ್ತಲಾಗಿರಬೇಕಾದ್ದು ಕತ್ತಲಾಗಿದೆಯೇ ಎಂದು ನೋಡಿದರೆ ಕಲಬೆರಕೆಯ ಸುಳಿವು ಸಿಗುತ್ತಿತ್ತು.

ಮೊದಲ ಸಲ ಆ ಬಣ್ಣಗಳನ್ನು ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ. ಇದನ್ನು ಅನಂತರಾಮಯ್ಯನವರು ಗಮನಿಸಿದ್ದರೋ ಏನೋ. ಪ್ರಯೋಗಾಲಯದ ಹಳೆಯ ಸಾಮಾನುಗಳ ಹರಾಜಾದಾಗ, ಯಾರೂ ಕೂಗದೆ ಉಳಿದ ಒಂದು ಹಿತ್ತಾಳೆ ಮೈಕ್ರೋಸ್ಕೋಪನ್ನು ತಾವೇ ಕೊಂಡು ನನ್ನ ಕೈಗಿಟ್ಟರು. "ಮನೇಲಿ ಇಟ್ಟುಕೊಂಡು ಆಟ ಆಡು. ಪರೀಕ್ಷೆ ಮುಗಿದ ಮೇಲೆ ಬಟ್ಟಲಲ್ಲಿ ಉಳಿದದ್ದನ್ನ ಬೇಕಾದರೆ ಒಯ್ದು ನೋಡು" ಎಂದರು. ಅದರ ತಿರುಪಿನ ಹಲ್ಲು ಸವೆದು ಕೊಳವೆ ತಾನಾಗಿಯೇ ಕೆಳಗೆ ಜಾರುತ್ತಿತ್ತು. ಕೆಂಪತ್ತೆ ಹಳೆ ಸೀರೆಯ ಚಿಂದಿ ಸುತ್ತಿ ಅದನ್ನು ನಿಲ್ಲಿಸಿದರು. ಆದರೆ ಬೆಳಕು ಸೋಸುವ ಗಾಜು ಅದರಲ್ಲಿರಲಿಲ್ಲ. ಅದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ.

ಅದನ್ನೂ ಒದಗಿಸಿದ್ದು ಕೆಂಪತ್ತೆಯೇ. ಆಗ ಊರಿಗೆ ಹೊಸ ನಮೂನೆಯ ಸಿನಿಮಾ ಒಂದು ಬಂದಿತ್ತು. ರಟ್ಟಿನ ಕನ್ನಡಕ ಹಾಕಿಕೊಂಡು ನೋಡಿದರೆ ಪರದೆಯ ಮೇಲೆ ಎಸೆದ ಕಲ್ಲು ನಮ್ಮ ಮುಖಕ್ಕೇ ಬಂದಂತೆ ಕಾಣುತ್ತಿತ್ತು. ಕೆಂಪತ್ತೆ ಆಟದುದ್ದಕ್ಕೂ ತಲೆ ಬಗ್ಗಿಸಿ, ಕೈ ಅಡ್ಡ ಹಿಡಿದು, ಪಕ್ಕದವರಿಗೂ ಬಗ್ಗಿ ಬಗ್ಗಿ ಎಂದು ಹೇಳಿ ಸುಸ್ತಾದರು. ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬ ಬುಟ್ಟಿ ಹಿಡಿದು ಕನ್ನಡಕ ವಾಪಸು ಕೇಳುತ್ತಿದ್ದ. ನಾನು ಕೊಟ್ಟೆ. ಅತ್ತೆ ಕೊಡಲಿಲ್ಲ.

"ಕಾಸು ಇಸ್ಕೊಂಡಿಲ್ವೇನಪ್ಪ? ಕನ್ನಡ್ಕಕ್ಕೂ ಸೇರ್ಸಿ ತಾನೆ ಇಸ್ಕೊಂಡಿದ್ದು?"

"ಅದು ನೋಡೋದಕ್ಕೆ ಮಾತ್ರ ಕಣಮ್ಮ, ಮನೆಗೆ ತಗೊಂಡು ಹೋಗೋಕಲ್ಲ."

"ನಾನೂ ಮನೇಲಿ ನೋಡೋಕೇ ತಗೊಂಡೋಗ್ತಿರೋದು" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇಬಿಟ್ಟರು. ಹಿಂದೆ ಜನ ತಳ್ಳುತ್ತಿದ್ದರು, ಅವನು ಕೈಚೆಲ್ಲಿದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾರನೆಯ ದಿನ ಅದನ್ನು ಕೈಯಲ್ಲಿ ಹಿಡಿದು ನೋಡುವಾಗ ಏನೋ ಅನುಮಾನ ಬಂತು. ಎರಡು ಕಣ್ಣಿನ ಹಾಳೆಗಳನ್ನೂ ಬಿಡಿಸಿ ಒಂದರ ಮೇಲೊಂದು ಹಿಡಿದು ಮೆಲ್ಲಗೆ ತಿರುಗಿಸಿದೆ. ಒಂದು ಕಡೆ ಬೆಳಕು, ಇನ್ನೊಂದು ಕಡೆ ತಿರುಗಿಸಿದರೆ ಗವ್ವೆನ್ನುವ ಕತ್ತಲೆ. ಜರ್ಮನ್ ಯಂತ್ರ ಮಾಡುವ ಕೆಲಸವನ್ನೇ ಈ ರಟ್ಟಿನ ಕನ್ನಡಕ ಮಾಡುತ್ತಿತ್ತು! ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದೆ. "ನಾನು ಏಳ್ಲಿಲ್ವಾ, ಕಾಸು ಕೊಟ್ಟಿದೀವಿ ಅಂತ?" ಎಂದರು ಅತ್ತೆ.

ಅಂದಿನಿಂದ ಭಾನುವಾರದ ಬೆಳಗು ನಮ್ಮ ಮನೆಯಲ್ಲಿ ಹರಳುಗಳಿಗೆ ಮೀಸಲು. ಹಿತ್ತಲ ಬಾಗಿಲಿನ ಹತ್ತಿರ ಮಣೆಯ ಮೇಲೆ ಮೈಕ್ರೋಸ್ಕೋಪು, ಅದರ ಕೆಳಗಿನ ಕನ್ನಡಿ ಆಕಾಶದ ಕಡೆಗೆ, ಕನ್ನಡಕದ ಒಂದು ಹಾಳೆ ಸ್ಲೈಡಿನ ಕೆಳಗೆ, ಇನ್ನೊಂದು ಅಡ್ಡಲಾಗಿ ಕೊಳವೆಯ ಮೇಲೆ. ಯಾವುದೇ ಉಪ್ಪನ್ನು ನೀರಿನಲ್ಲಿ ಕರಗಿಸಿ ಒಂದು ತೊಟ್ಟನ್ನು ಗಾಜಿನ ಸ್ಲೈಡಿನ ಮೇಲೆ ಇಟ್ಟು ಕಾಯಬೇಕು. ಆರುತ್ತ ಬಂದಂತೆ ಅಂಚಿನಿಂದ ಹರಳು ಕಟ್ಟುತ್ತ ಒಳಕ್ಕೆ ಬರುತ್ತದೆ. ಹಾಗೆ ಬರುವಾಗ ನೋಡುವ ಸುಖವೇ ಸುಖ. ಪೆಟ್ಲುಪ್ಪು, ಮೈಲುತುತ್ತ, ಭೇದಿ ಉಪ್ಪು, ಸಿಟ್ರಿಕ್ ಆಮ್ಲ, ತಲೆನೋವಿನ ಮಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದೆವು. ಓಮದಿಂದ ತೆಗೆಯುವ ಬಿಳಿ ಹರಳು, ಓಮದ ಹೂವನ್ನು ಮಾತ್ರ ಎರಡು ಗಾಜುಗಳ ನಡುವೆ ಇಟ್ಟು ಬಿಸಿ ಮಾಡಿ ಕರಗಿಸಬೇಕಿತ್ತು. ನಾನು ಬುದ್ಧಿವಂತೆ, ಅತ್ತೆಯ ದೋಸೆ ಕಾವಲಿಯ ಮೇಲೆ ಇಟ್ಟೆ. ಆರುವಾಗ ಹಳದಿ, ನೇರಳೆ, ಹಸಿರು ಒಂದರ ಹಿಂದೊಂದು ಓಡಿ ಬಂದದ್ದನ್ನು ನೋಡಿ ಇಬ್ಬರೂ ಮೈಮರೆತೆವು. ಆಮೇಲೆ ಎಷ್ಟೋ ವಾರ ನಮ್ಮ ಮನೆಯ ದೋಸೆ ಓಮದ ವಾಸನೆ ಬಿಡಲಿಲ್ಲ.

"ಯಾರವ್ವ ಇದಕ್ಕೆ ಬಣ್ಣ ಆಕ್ದೋರು?" ಎಂದು ಅತ್ತೆ ಕೇಳಿದ್ದರು.

"ಯಾರೂ ಹಾಕಿಲ್ಲ ಅತ್ತೆ. ಬೆಳಕಲ್ಲೇ ಇರೋದು ಅದು."

"ಸುಮ್ನಿರು. ಆಕ್ದೆ ಬಂದ್ಬುಡ್ತದಾ?"

ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಆದರೆ ನೋಡುವುದನ್ನು ಬಿಡಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಅಕ್ಕಪಕ್ಕದ ಹೆಂಗಸರಿಗೆಲ್ಲ ಹೇಳಿ, ಅವರನ್ನೂ ಕರೆತಂದು ತೋರಿಸುತ್ತಿದ್ದರು. ನಾನು ಪಟಿಕದಂಥ ಕತ್ತಲೆಯ ಉಪ್ಪನ್ನು ಇಟ್ಟರೆ ಮಾತ್ರ ಅವರಿಗೆ ರೇಗುತ್ತಿತ್ತು. ಜನ ಕರೆದುಕೊಂಡು ಬಂದು ಖಾಲಿ ಎಲೆ ಹಾಕಿದ ಹಾಗಾಯಿತು ಎನ್ನುತ್ತಿದ್ದರು.

ಈಗ ಬೋರೇಗೌಡರ ವಿಷಯ. ಅವರು ಹಿಂದೆ ಪಾತ್ರೆಗೆ ಕಲಾಯಿ ಹಾಕುವವರಿಗೆ ನವಸಾಗರ ಮಾರುತ್ತಿದ್ದವರು. ಆಮೇಲೆ ಅದನ್ನೇ ಕರಗಿಸಿ, ಸೋಸಿ, ಮತ್ತೆ ಹರಳು ಕಟ್ಟಿಸಿ ಶುದ್ಧ ಮಾಡುವುದನ್ನು ಕಲಿತು, ಅಶೋಕಪುರಂನ ಆಚೆ ಒಂದು ಕೊಟ್ಟಿಗೆಯಲ್ಲಿ ಗಂಡಹೆಂಡತಿ ಸೇರಿ ಕೆಲಸ ಮಾಡುತ್ತಿದ್ದರು. ಕೆಮ್ಮಿನ ಔಷಧಕ್ಕೆ ಆಸ್ಪತ್ರೆಗೆ ನವಸಾಗರ ಕೊಡುವ ಅವಕಾಶ ಆಗಷ್ಟೇ ಅವರಿಗೆ ಸಿಕ್ಕಿತ್ತು. ಅವರ ಮಾಲಿನ ಮಾದರಿ ನಮ್ಮಲ್ಲಿಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕರಗುತ್ತದೆಯೇ, ಕಸ ಉಳಿಯುತ್ತದೆಯೇ ಎಂಬ ಮೊದಲ ಪರೀಕ್ಷೆ ಮಾಡಿ ಮುಗಿಸಿದೆ. ಬಟ್ಟಲಲ್ಲಿ ಉಳಿದ ಒಂದು ಚಿಟಿಕೆಯನ್ನು ಎಂದಿನಂತೆ ಕಾಗದದಲ್ಲಿ ಮಡಿಸಿ ಮನೆಗೆ ಒಯ್ದೆ. ಮಾರನೆಯ ಬೆಳಿಗ್ಗೆ ಸ್ಲೈಡು ಮಾಡಿ ನೋಡಿದರೆ ಬರೀ ಕತ್ತಲೆ. ನವಸಾಗರ ಹೊಳೆಯುವುದಿಲ್ಲವೆಂದು ಗೊತ್ತಿದ್ದೂ ಆಸೆ. ಅಷ್ಟರಲ್ಲಿ ದಸರಾ ನೋಡಲು ಊರಿನಿಂದ ಎರಡು ಗಾಡಿ ನೆಂಟರು ಬಂದಿಳಿದರು. ಸ್ಲೈಡನ್ನು ತೊಳೆಯುವುದಿರಲಿ, ನನಗೆ ತಲೆ ಬಾಚಿಕೊಳ್ಳುವುದಕ್ಕೂ ಪುರುಸೊತ್ತಾಗಲಿಲ್ಲ.

ಹಬ್ಬ ಕಳೆದು ಪ್ರಯೋಗಾಲಯ ತೆರೆದ ದಿನ ಅನಂತರಾಮಯ್ಯನವರು ಅದೇ ಪೊಟ್ಟಣದ ನವಸಾಗರವನ್ನು ಜರ್ಮನ್ ಯಂತ್ರದಲ್ಲಿ ನೋಡಿದರು. ನನ್ನನ್ನು ಕರೆದು ತೋರಿಸಿದರು. ಕತ್ತಲೆಯ ತುಂಬ ಸಣ್ಣ ಸಣ್ಣ ಬಿಳಿಯ ಕಾಳುಗಳು ಹೊಳೆಯುತ್ತಿದ್ದವು, ಪ್ರತಿಯೊಂದರ ಮೈಮೇಲೂ ಒಂದು ಕಪ್ಪು ಕೂಡುವ ಚಿಹ್ನೆ. ಪಿಷ್ಟದ ಗುರುತು ಅದು, ಸಂಶಯಕ್ಕೆಡೆಯೇ ಇಲ್ಲ. ಕಾಳಿನ ಗಾತ್ರ ನೋಡಿದರೆ ಅಕ್ಕಿಹಿಟ್ಟು. ಅಯೋಡಿನ್ ಒಂದು ತೊಟ್ಟು ಬಿಟ್ಟರು, ಕಾಳುಗಳು ನೀಲಿಯಾದವು. "ಔಷಧಕ್ಕೆ ಹಿಟ್ಟು ಬೆರೆಸ್ತಾನಲ್ಲ, ಇವನಿಗೆ ಮಕ್ಕಳು ಮರಿ ಇಲ್ವಾ!" ಎಂದು ಕೂಗಾಡಿದರು. ಕಲಬೆರಕೆ ಎಂದು ವರದಿ ಟೈಪಾಯಿತು. ಅದು ಆಸ್ಪತ್ರೆಗೆ ಹೋದರೆ ಮುಗಿಯಿತು, ಬೋರೇಗೌಡರು ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತುವ ಹಾಗಿರಲಿಲ್ಲ.

ಸುದ್ದಿ ಅವರಿಗೆ ಹೇಗೆ ಮುಟ್ಟಿತೋ ಕಾಣೆ. ಮಾರನೆಯ ದಿನ ಮೊಗಸಾಲೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಕೆಂಪು ಅಂಚಿನ ಟವೆಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಒಳಗೆ ಬಿಡಬಾರದೆಂದು ಅಪ್ಪಣೆಯಾಗಿತ್ತು. ನಾನು ಹೊರಗೆ ಬಂದಾಗ ಕೇಳಿದರು.

"ಅವ್ವಾ, ನನ್ ಮಾಲಲ್ಲಿ ಏನೋ ಕಾಣ್ತಂತಲ್ಲ. ಏನ್ ಕಾಣ್ತು?"

ಹೇಳಬಾರದಿತ್ತು. ಆದರೆ ಆ ಮುಖ ನೋಡಿ ಸುಮ್ಮನಿರಲಾಗಲಿಲ್ಲ. "ಅಕ್ಕಿಹಿಟ್ಟು" ಎಂದೆ.

ಅವರು ಸಿಟ್ಟಾಗಲಿಲ್ಲ. ನಾನು ಏನೋ ಅರ್ಥವಾಗದ ಮಾತು ಆಡಿದೆನೆಂಬಂತೆ ನೋಡಿದರು. "ಅಕ್ಕಿಯಾ? ನಾವು ರಾಗಿ ಉಣ್ಣೋ ಜನ ಕಣವ್ವ. ಹಬ್ಬ ಬಂದ್ರೆ ಅನ್ನ ಕಾಣೋರು. ಇರೋ ಒಂದಿಡಿ ಅಕ್ಕೀನ ಬೀಸಿ ನವಸಾಗರಕ್ಕೆ ಆಕ್ಬುಡ್ತೀನಾ?" ಎಂದರು. ಆಮೇಲೆ ಟವೆಲನ್ನು ಕೈಗೆ ಸುತ್ತಿಕೊಳ್ಳುತ್ತ, "ಕಲಬೆರಕೆ ಅಂತ ಒಂದ್ಸಲ ಬರದ್ಬುಟ್ರೆ ನಾನು ಸತ್ರೂ ಅಳಿಸಾಕಿಲ್ಲ. ಕಲಬೆರಕೆ ಬೋರನ ಮಕ್ಳು ಅಂತಾರೆ ನನ್ ಮಕ್ಳನ್ನ" ಎಂದರು.

ಆ ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಓಡಿದೆ, ಊಟ ಮಾಡಲಿಲ್ಲ. ನೆಂಟರ ಗಲಾಟೆಯಲ್ಲಿ ಗೂಡಿನಲ್ಲಿ ಎತ್ತಿಟ್ಟ ಸ್ಲೈಡು ಹಾಗೇ ಇತ್ತು. ನೋಡಿದೆ. ಮೂಲೆಯಿಂದ ಮೂಲೆಗೆ ಸರಿಸಿ ನೋಡಿದೆ. ಒಂದೇ ಒಂದು ಕಾಳೂ ಹೊಳೆಯಲಿಲ್ಲ. ನನ್ನ ರಟ್ಟಿನ ಕನ್ನಡಕದ ಕಣ್ಣಿಗೆ ಹಿಟ್ಟು ಕಾಣುತ್ತದೆಯೇ ಇಲ್ಲವೇ ಎಂದು ಅನುಮಾನ ಬಂತು. ಅತ್ತೆಯ ಡಬ್ಬಿಯಿಂದ ಚಿಟಿಕೆ ಅಕ್ಕಿಹಿಟ್ಟು ತಂದು ಇನ್ನೊಂದು ಗಾಜಿನ ಮೇಲೆ ಇಟ್ಟೆ. ಕಪ್ಪು ಗುರುತಿನ ಕಾಳುಗಳು ಫಳಫಳ ಹೊಳೆದವು. ಹಾಗಾದರೆ ಹಬ್ಬಕ್ಕೆ ಮುಂಚೆ ಆ ಪೊಟ್ಟಣದಲ್ಲಿ ಹಿಟ್ಟಿರಲಿಲ್ಲ. ಹಬ್ಬ ಆದಮೇಲೆ ಇದೆ. ನಡುವೆ ನಡೆದದ್ದು ಏನು?

ಯೋಚಿಸುತ್ತ ಪ್ರಯೋಗಾಲಯಕ್ಕೆ ಹಿಂದಿರುಗಿದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅನಂತರಾಮಯ್ಯನವರು ಒಮ್ಮೆ ಕೊಟ್ಟ ವರದಿಯನ್ನು ಹಿಂದಕ್ಕೆ ಪಡೆದವರಲ್ಲ. ವರದಿ ಅವರ ಮೇಜಿನ ಮೇಲಿತ್ತು, ಸಹಿ ಆಗಿತ್ತು, ಟಪಾಲಿಗೆ ಇನ್ನೂ ಹೋಗಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

"ಅಂದರೆ ನಿನ್ನ ಸಿನಿಮಾ ಕನ್ನಡಕ ನಂಬಿಕೊಂಡು ನನ್ನ ಜರ್ಮನ್ ಮೈಕ್ರೋಸ್ಕೋಪು ಸುಳ್ಳು ಹೇಳ್ತಿದೆ ಅನ್ನಬೇಕೇನಮ್ಮ?" ಹಾಲು ಉಕ್ಕಿಬಿಟ್ಟಿತ್ತು.

"ನನ್ನದನ್ನ ನಂಬಬೇಡಿ ಸಾರ್. ನಿಮ್ಮದರಲ್ಲೇ ಒಂದು ಖಾಲಿ ಸ್ಲೈಡು ಇಟ್ಟು ನೋಡಿ" ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಅವರು ಗುಡುಗುತ್ತಲೇ ಎದ್ದರು. ತಟ್ಟೆಯಲ್ಲಿ ಒರೆಸಿ ಜೋಡಿಸಿದ್ದ ಗಾಜುಗಳಲ್ಲಿ ಒಂದನ್ನು ತೆಗೆದು, ಏನೂ ಹಾಕದೆ, ಒಂದು ತೊಟ್ಟು ನೀರು ಮಾತ್ರ ಬಿಟ್ಟು ಬಗ್ಗಿ ನೋಡಿದರು. ಗುಡುಗು ನಿಂತಿತು. ಇನ್ನೊಂದು ಗಾಜು ತೆಗೆದರು. ಮತ್ತೊಂದು. ಆಮೇಲೆ ನನಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರು. ಖಾಲಿ ಗಾಜಿನ ಮೇಲೆ ಅದೇ ಕಾಳುಗಳು, ಅದೇ ಕಪ್ಪು ಗುರುತು. "ಸಿದ್ದಯ್ಯ!" ಎಂದು ಕೂಗಿದರು.

ಸಿದ್ದಯ್ಯ ನಮ್ಮ ಜವಾನ. ಸ್ಲೈಡು ತೊಳೆದು ಒರೆಸಿ ಇಡುವುದು ಅವನ ಕೆಲಸ, ಆಯುಧಪೂಜೆ ಅವನ ಸಂಭ್ರಮ. ಜರ್ಮನ್ ಯಂತ್ರಕ್ಕೆ ಸೇವಂತಿಗೆ ಹಾರ, ಕುಂಕುಮ, ಮೇಜಿನ ತುಂಬ ರಂಗೋಲಿ, ಎಲ್ಲ ಅವನದೇ.

"ಪೂಜೆ ದಿನ ಮೇಜಿನ ಮೇಲೆ ಯಾವ ಪುಡೀಲಿ ರಂಗೋಲಿ ಹಾಕಿದೆಯೋ?"

"ಅಕ್ಕಿಹಿಟ್ಟಿಂದು ಸ್ವಾಮಿ" ಎಂದ ಸಿದ್ದಯ್ಯ, ಹೆಮ್ಮೆಯಿಂದಲೇ. "ಕಲ್ಲುಪುಡಿ ಬೀದಿ ಬಾಗಿಲಿಗೆ. ಪೂಜೆಗೆ ಕೂರಿಸಿದ ಮೇಲೆ ಅದೂ ದೇವ್ರಲ್ವಾ? ಕಲ್ಲುಪುಡಿ ಹಾಕಿದ್ರೆ ಎಂಗೆ?"

"ಆಮೇಲೆ ಅದನ್ನ ಏತರಲ್ಲಿ ತೆಗೆದೆ?"

"ಬಟ್ಟೇಲಿ ಒರೆಸಿದೆ. ಗಾಜು ಒರೆಸ್ತೀನಲ್ಲ, ಅದೇ ಬಟ್ಟೆ. ಒಳ್ಳೆ ಮೆತ್ತಗಿದೆ."

ಅನಂತರಾಮಯ್ಯನವರು ಕುರ್ಚಿಯ ಮೇಲೆ ಕುಳಿತರು. ಬೈಗುಳದ ಮಳೆ ಬರುತ್ತದೆಂದು ನಾವಿಬ್ಬರೂ ಕಾದೆವು. ಬಂದದ್ದು ನಗು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನಾವೇ ಪೂಜೆ ಮಾಡಿ, ನಾವೇ ಹಿಟ್ಟು ಬೆರೆಸಿ, ಗೌಡನ ಕುತ್ತಿಗೆಗೆ ಕಟ್ಟೋಕೆ ಹೊರಟಿದ್ದೆವಲ್ಲೋ!" ಎಂದರು. ಆಮೇಲೆ ನಗು ನಿಂತಿತು. ಸಹಿ ಮಾಡಿದ್ದ ವರದಿಯನ್ನು ತೆಗೆದು ಹರಿದರು. ಹೊಸ ಗಾಜುಗಳನ್ನು ತಾವೇ ತೊಳೆದು, ಬಟ್ಟೆ ಮುಟ್ಟಿಸದೆ ಗಾಳಿಗೆ ಆರಿಸಿದರು. ಗೌಡರ ಮಾಲಿನದೇ ಸೀಲು ಮಾಡಿಟ್ಟಿದ್ದ ಇನ್ನೊಂದು ಪೊಟ್ಟಣವನ್ನು ಒಡೆದು ನೋಡಿದರು. ಕತ್ತಲೆ. ಆ ಕತ್ತಲೆಯನ್ನು ಅವರು ಎಷ್ಟು ಹೊತ್ತು ನೋಡಿದರೆಂದರೆ ಸಿದ್ದಯ್ಯ ಕಾಫಿ ತಂದಿಟ್ಟದ್ದು ಕೆನೆ ಕಟ್ಟಿತು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಯಾವ ಮಾದರಿಯನ್ನೇ ನೋಡಲಿ, ಮೊದಲು ಖಾಲಿ ಗಾಜನ್ನು ನೋಡಬೇಕು. ಪೂಜೆಯನ್ನು ಅವರು ನಿಲ್ಲಿಸಲಿಲ್ಲ, ಸಿದ್ದಯ್ಯನ ಮನಸ್ಸು ನೋಯುತ್ತದೆಂದು. ರಂಗೋಲಿ ಮಾತ್ರ ಹೊಸ್ತಿಲಿಂದ ಆಚೆಗೆ ಹೋಯಿತು. ಎಷ್ಟೋ ವರ್ಷಗಳ ಮೇಲೆ ಹೊಸ ಯಂತ್ರಗಳು ಬಂದು ಮೈಕ್ರೋಸ್ಕೋಪು ಮೂಲೆ ಸೇರಿದಾಗಲೂ ನಾನು ಆ ಪದ್ಧತಿ ಬಿಡಲಿಲ್ಲ. ಯಂತ್ರಕ್ಕೆ ಮೊದಲು ಏನೂ ಹಾಕದೆ ಗುಂಡಿ ಒತ್ತುತ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ನಗಲಿ, ಪಾಪ. ಒರೆಸುವ ಬಟ್ಟೆ ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ಗುಂಡಿ ಒತ್ತಿದರೆ ಬರುವುದಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬೋರೇಗೌಡರು ಹೆಂಡತಿ ನಿಂಗಮ್ಮನವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಶುದ್ಧ ಎಂಬ ವರದಿ ಅವರಿಗೆ ತಲುಪಿತ್ತು. ನಡೆದದ್ದನ್ನೆಲ್ಲ ಅನಂತರಾಮಯ್ಯನವರೇ ಅವರನ್ನು ಕೂರಿಸಿಕೊಂಡು ಹೇಳಿ, ತಪ್ಪಾಯಿತು ಎಂದಿದ್ದರಂತೆ. "ಅಂತಾ ದೊಡ್ಡೋರು ಅಂಗಂದ್ಬುಟ್ರೆ ನಾವೇನು ಮಾತಾಡಾದು ಏಳಿ" ಎಂದರು ಗೌಡರು. ತಂದಿದ್ದ ಬಾಳೆಗೊನೆಯನ್ನು ನಾನು ಮುಟ್ಟಲಿಲ್ಲ. ಮಾದರಿ ಕೊಡುವವರಿಂದ ಒಂದು ಹಣ್ಣೂ ತೆಗೆದುಕೊಳ್ಳಬಾರದೆನ್ನುವುದು ನಮ್ಮ ಕಟ್ಟುನಿಟ್ಟು. ಕೆಂಪತ್ತೆಗೆ ಅದು ಸರಿಬರಲಿಲ್ಲ, ಆದರೂ ಕಾಫಿ ಕೊಟ್ಟರು.

ಕಾಫಿ ಕುಡಿದು ಗೌಡರು ಹಿತ್ತಲ ಬಾಗಿಲ ಕಡೆ ನೋಡಿದರು. "ಅವ್ವಾ, ಅದೇನಾ? ನಂದು ನಂಗೊಂದ್ಸಲ ತೋರುಸ್ತೀರಾ?"

"ನಿಮ್ಮದು ಹೊಳೆಯೋದಿಲ್ಲ ಗೌಡ್ರೇ. ಏನೂ ಕಾಣಲ್ಲ" ಎಂದೆ.

"ಆಗ್ಲಿ, ನೋಡ್ತೀನಿ."

ಗೂಡಿನಿಂದ ಆ ಹಳೆಯ ಸ್ಲೈಡನ್ನೇ ತಂದು ಇಟ್ಟೆ. ಅವರು ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದನ್ನು ಕೊಳವೆಗೆ ಇಟ್ಟರು.

"ಕತ್ಲೆ ಕಣವ್ವ."

"ಹೂಂ. ಏನಾದ್ರೂ ಬೆರೆತಿದ್ರೆ ಹೊಳೀತಿತ್ತು. ನಿಮ್ಮದರಲ್ಲಿ ಏನೂ ಬೆರೆತಿಲ್ಲ. ಅದಕ್ಕೇ ಕತ್ತಲೆ."

ಅವರು ತಲೆ ಎತ್ತಲಿಲ್ಲ. ಕಣ್ಣು ಕಿತ್ತರೆ ಎಲ್ಲಿ ಏನಾದರೂ ಹೊಳೆದುಬಿಡುತ್ತದೋ ಎಂಬಂತೆ ಅಲುಗದೆ ನೋಡುತ್ತಿದ್ದರು. ಬೆನ್ನು ಮೆಲ್ಲಗೆ ಅದುರುತ್ತಿತ್ತು. ಅತ್ತೆ ಗಲಿಬಿಲಿಗೊಂಡು, "ಓಗ್ಲಿ ಬುಡಿ ಗೌಡ್ರೇ, ಒಳ್ಳೊಳ್ಳೆ ಬಣ್ಣದವು ಅವೆ, ತೋರುಸ್ತೀನಿ" ಎಂದರು.

"ಬ್ಯಾಡ ಕಣವ್ವ" ಎಂದು ಗೌಡರು ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದು ಕೂತರು. ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದ ಹೆಂಡತಿಯನ್ನು ಕೂಗಿದರು.

"ಬಾಮ್ಮಿ, ನೀನೂ ನೋಡ್ಬಾ. ನಮ್ ನವಸಾಗರ. ಏನಂದ್ರೆ ಏನೂ ಇಲ್ಲ!"